ಎದುರಿಗೆ ಬರುವವನ ಕಣ್ಣು

ಕಾರಿನ ರಿವ್ಯೂ ವಿಡಿಯೋಗಳನ್ನು ನೀವೂ ನೋಡಿರ್ತೀರಿ. ಇಪ್ಪತ್ತು ನಿಮಿಷದ ವಿಡಿಯೋದಲ್ಲಿ ಟಚ್‌ಸ್ಕ್ರೀನಿಗೆ ನಾಲ್ಕು ನಿಮಿಷ, ಸನ್‌ರೂಫಿಗೆ ಎರಡು ನಿಮಿಷ, ಬೂಟಿನಲ್ಲಿ ಎಷ್ಟು ಸೂಟ್‌ಕೇಸ್ ಹಿಡಿಯುತ್ತೆ ಅನ್ನೋದಕ್ಕೆ ಒಂದು ನಿಮಿಷ. ಹೆಡ್‌ಲೈಟಿಗೆ ಮಾತ್ರ ಒಂದೇ ವಾಕ್ಯ: "ಎಲ್‌ಇಡಿ ಪ್ರೊಜೆಕ್ಟರ್ ಇದೆ, ಥ್ರೋ ಸಖತ್ತಾಗಿದೆ." ಥ್ರೋ ಅಂದ್ರೆ ಬೆಳಕು ಎಷ್ಟು ದೂರ ಬೀಳುತ್ತೆ ಅನ್ನೋದು. ಆ ಬೆಳಕು ಯಾರ ಮೇಲೆ ಬಿತ್ತು ಅನ್ನೋದನ್ನು ಯಾರೂ ಹೇಳೋದಿಲ್ಲ. ವಿಮರ್ಶಕ ಸದಾ ಸ್ಟೀರಿಂಗ್ ಹಿಂದೆ ಕೂತಿರ್ತಾನೆ. ಕಾರಿನ ಮುಂದೆ ಐವತ್ತು ಮೀಟರ್ ದೂರ ಹೋಗಿ, ಕತ್ತಲಲ್ಲಿ ನಿಂತು ಹೆಡ್‌ಲೈಟ್ ರಿವ್ಯೂ ಮಾಡಿದವರನ್ನು ನಾನಂತೂ ನೋಡಿಲ್ಲ.

ನನ್ನ ತಕರಾರು ಇರೋದು ಇಲ್ಲೇ. ಸೀಟು ಸರಿಯಿಲ್ಲದಿದ್ದರೆ ಕೊಂಡವನ ಬೆನ್ನು ನೋಯುತ್ತೆ. ಎಸಿ ಸರಿಯಿಲ್ಲದಿದ್ದರೆ ಕೊಂಡವನೇ ಬೆವರ್ತಾನೆ. ಆದರೆ ಹೆಡ್‌ಲೈಟ್ ಕಣ್ಣು ಕುಕ್ಕಿದರೆ ಅನುಭವಿಸೋನು ಆ ಕಾರಿಗೆ ಒಂದು ಪೈಸೆಯನ್ನೂ ಕೊಡದವನು. ಬಗ್ ತೋರಿಸಿದಾಗ "ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗೇ ಓಡ್ತಿದೆಯಲ್ಲ" ಅನ್ನೋ ಡೆವಲಪರ್‌ಗಳು ಎಲ್ಲ ಆಫೀಸಿನಲ್ಲೂ ಇರ್ತಾರೆ. ನಮ್ಮ ಹೆಡ್‌ಲೈಟ್ ವಿಮರ್ಶೆ ಅದೇ ಮಾತನ್ನು ಹೇಳ್ತಿದೆ.

ಹಳೇ ಎಂಜಿನಿಯರುಗಳು ಹಾಗಿರಲಿಲ್ಲ. ಎಚ್4 ಅನ್ನೋ ಬಲ್ಬು 1971ರ ಹೊತ್ತಿಗೆ ಬಂದದ್ದು, ಇವತ್ತಿಗೂ ನಮ್ಮ ಲಕ್ಷಾಂತರ ಕಾರುಗಳಲ್ಲಿದೆ. ಒಂದೇ ಗಾಜಿನೊಳಗೆ ಎರಡು ತಂತಿ: ಹೈಬೀಮಿಗೆ 60 ವ್ಯಾಟ್, ಲೋಬೀಮಿಗೆ 55 ವ್ಯಾಟ್. ಲೋಬೀಮಿನ ತಂತಿಯ ಕೆಳಗೆ ಬಟ್ಟಲಿನಂಥ ಪುಟ್ಟ ಲೋಹದ ಮರೆ ಇದೆ. ಮೇಲಕ್ಕೆ ಚಿಮ್ಮಬೇಕಿದ್ದ ಬೆಳಕನ್ನು ಅದು ತಡೆಯುತ್ತೆ. ಹಾಗಾಗಿ ಕಾರನ್ನು ಗೋಡೆಯ ಮುಂದೆ ನಿಲ್ಲಿಸಿದರೆ ಬೆಳಕಿಗೆ ಗೆರೆ ಎಳೆದಂತೆ ಒಂದು ಮೇಲಂಚು ಕಾಣುತ್ತೆ. ಬಲಗಡೆ, ಅಂದರೆ ಎದುರು ಗಾಡಿ ಬರೋ ಕಡೆ, ಗೆರೆ ಸಪಾಟು. ಎಡಗಡೆ ಗೆರೆ ಸ್ವಲ್ಪ ಮೇಲೇರುತ್ತೆ, ರಸ್ತೆಯಂಚಿನಲ್ಲಿ ನಡೆಯುವವರು ಚಾಲಕನಿಗೆ ಕಾಣಲಿ ಅಂತ. ನಡೆಯುವವನು, ಎದುರು ಬರುವವನು, ಓಡಿಸುವವನು, ಮೂವರನ್ನೂ ನೆನಪಲ್ಲಿಟ್ಟುಕೊಂಡು ಯಾರೋ ಕೂತು ಹಾಕಿದ ಲೆಕ್ಕ ಅದು.

ಈ ಲೆಕ್ಕದಲ್ಲಿ ಓಡಿಸುವವನಿಗೆ ಸಿಗೋದು ಎಷ್ಟು? ಆ ಮೇಲಂಚನ್ನು ಸಾಮಾನ್ಯವಾಗಿ ಶೇಕಡಾ ಒಂದರಷ್ಟು ಕೆಳಕ್ಕೆ ಬಾಗಿಸಿರ್ತಾರೆ, ಅಂದರೆ ನೂರು ಮೀಟರಿಗೆ ಒಂದು ಮೀಟರ್. ದೀಪ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಬೆಳಕು 70 ಮೀಟರಿಗೆ ನೆಲ ಮುಟ್ಟುತ್ತೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ, ಕಂಡು ಬ್ರೇಕ್ ಒತ್ತಲು ಎರಡು ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ ಗಾಡಿ ನಿಲ್ಲೋಕೆ ಐವತ್ತು ಚಿಲ್ಲರೆ ಮೀಟರ್ ಬೇಕು. 80ರಲ್ಲಿದ್ದರೆ ಸುಮಾರು 80 ಮೀಟರ್ ಬೇಕು. ಅಂದರೆ ಲೋಬೀಮ್ ಅನ್ನೋದು 60ರ ವೇಗದ ದೀಪ. ನಾವು ಹೋಗೋದು 80ರಲ್ಲಿ.

ಹಾಗಾಗಿ ಹೈಬೀಮ್ ಹಾಕೋರೆಲ್ಲ ದುರಹಂಕಾರಿಗಳು ಅಂತ ನಾನು ಹೇಳಲಾರೆ. ನಮ್ಮೂರು ಹಿರೇಗುಂಟನೂರು. ಸುಗ್ಗಿ ಕಾಲದಲ್ಲಿ ಅಲ್ಲಿನ ಸುತ್ತಮುತ್ತಲ ಡಾಂಬರು ರಸ್ತೆಯೇ ಕಣ. ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿ, ಗಾಡಿಗಳು ಹತ್ತಬಾರದು ಅಂತ ಸುತ್ತ ತಲೆಗಾತ್ರದ ಕಲ್ಲು ಇಟ್ಟಿರ್ತಾರೆ. ರಾತ್ರಿ ಕಾಳಿನ ರಾಶಿಗೆ ಟಾರ್ಪಾಲು ಹೊದಿಸ್ತಾರೆ, ಕಲ್ಲು ಹಾಗೇ ಇರುತ್ತೆ. ರಿಫ್ಲೆಕ್ಟರ್ ಇಲ್ಲದ ಎತ್ತಿನಗಾಡಿ, ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಕತ್ತಲಿಗಿಂತ ಕಪ್ಪಗಿರೋ ಎಮ್ಮೆ. ಬೀದಿದೀಪ ಊರು ದಾಟಿದ ಮೇಲೆ ಇಲ್ಲ. ಇಂಥಾ ಕಡೆ "ಬೆಳಕು ಕಡಿಮೆ ಮಾಡ್ಕಳಿ" ಅಂತ ಬೆಂಗಳೂರಿನ ಬೀದಿದೀಪದ ಕೆಳಗೆ ನಿಂತು ಉಪದೇಶ ಮಾಡೋದು ಸುಲಭ.

ಆದರೆ ಅದೇ ರಸ್ತೆಯಲ್ಲಿ ಅಪ್ಪ ಟಿವಿಎಸ್ ಮೊಪೆಡ್‌ನಲ್ಲಿ ಓಡಾಡ್ತಾರೆ. ವಯಸ್ಸು ಅರವತ್ತು ದಾಟಿದೆ, ಕಣ್ಣಿಗೆ ಪೊರೆ ಶುರುವಾಗಿದೆ. ಎದುರಿಗೆ ಬಿಳಿ ದೀಪದ ಕಾರು ಬಂದರೆ ಮೊಪೆಡ್ಡನ್ನು ಪಕ್ಕಕ್ಕಿಳಿಸಿ ಕಾಲೂರಿ ನಿಂತುಬಿಡ್ತಾರೆ. ಕೇಳಿದರೆ, "ಗಾಡಿ ಬರುವಾಗ ಬಿಡು, ನಿಂತ್ಕಂಡ್ರೆ ಆತು. ಅದು ಹೋದ ಮ್ಯಾಲೆ ಐತೆ ನೋಡು, ಆವಾಗ ರೋಡೇ ಕಾಣಲ್ಲ" ಅಂತಾರೆ.

ಅಪ್ಪ ಹೇಳೋದು ಕಣ್ಣಿನ ವಿಜ್ಞಾನಕ್ಕೆ ಸರಿಯಾಗಿ ಹೊಂದುತ್ತೆ. ಪ್ರಖರ ಬೆಳಕಿನಿಂದ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು ಕಿರಿಕಿರಿ, ಇನ್ನೊಂದು ಕುರುಡು. ನೀಲಿ ಅಂಶ ಹೆಚ್ಚಿರೋ ಬಿಳಿ ಬೆಳಕು ಅಷ್ಟೇ ಪ್ರಮಾಣದ ಹಳದಿ ಬೆಳಕಿಗಿಂತ ಹೆಚ್ಚು ಕಿರಿಕಿರಿ ಮಾಡುತ್ತೆ. ಕುರುಡಿನ ವಿಷಯ ಬೇರೆ. ಅದು ಕಣ್ಣಿಗೆ ಎಷ್ಟು ಬೆಳಕು ಬಿತ್ತು, ನಾವು ನೋಡ್ತಿರೋ ದಿಕ್ಕಿಗೆ ಎಷ್ಟು ಹತ್ತಿರದಿಂದ ಬಿತ್ತು ಅನ್ನೋದರ ಮೇಲೆ ನಿಂತಿದೆ. ಆ ಬೆಳಕು ಕಣ್ಣೊಳಗೆ ಚದುರಿ, ನೋಟದ ಮೇಲೆ ತೆಳ್ಳನೆ ಪರದೆ ಎಳೆದಂತಾಗುತ್ತೆ. ವಯಸ್ಸಾದಷ್ಟೂ, ಪೊರೆ ಬಂದಷ್ಟೂ ಚದುರೋದು ಹೆಚ್ಚು. ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳೋದು ನಿಧಾನ. ಮೂವತ್ತರ ವಿಮರ್ಶಕನಿಗೆ "ಸ್ವಲ್ಪ ಜಾಸ್ತಿ" ಅನಿಸೋ ದೀಪ ಅರವತ್ತೈದರ ರೈತನಿಗೆ ರಸ್ತೆಯನ್ನೇ ಅಳಿಸಿಹಾಕುತ್ತೆ.

ಇನ್ನು ನಾವು ಆ ಹಳೇ ಲೆಕ್ಕವನ್ನು ಕೆಡಿಸೋ ಬಗೆ ನೋಡಿ. ಮೊದಲನೇದು ಅಂಗಡಿಯ ಎಲ್‌ಇಡಿ ಕಿಟ್. ಹ್ಯಾಲೊಜೆನ್ ಬಲ್ಬಿನ ಹಿಂದಿರೋ ಕನ್ನಡಿಯನ್ನು ಆ ಸಣ್ಣ ತಂತಿ ಎಲ್ಲಿದೆ, ಎಷ್ಟುದ್ದ ಇದೆ ಅನ್ನೋದನ್ನು ಅಳೆದು ರೂಪಿಸಿರ್ತಾರೆ. ಅಲ್ಲಿಗೆ ಎರಡು ಪಕ್ಕಕ್ಕೆ ಚಿಪ್ ಅಂಟಿಸಿದ ಎಲ್‌ಇಡಿ ಕಡ್ಡಿ ತುರುಕಿದರೆ ಬೆಳಕು ಹುಟ್ಟೋ ಜಾಗವೇ ಬದಲಾಗುತ್ತೆ. ಗೆರೆ ಕಲಸಿಹೋಗುತ್ತೆ. ಓಡಿಸುವವನಿಗೆ ಕಾರಿನ ಮುಂದಿನ ಹತ್ತಿಪ್ಪತ್ತು ಮೀಟರ್ ಹಗಲಿನಂತೆ ಕಾಣೋದರಿಂದ ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನಿಸುತ್ತೆ. ಆದರೆ ಹತ್ತಿರದ ನೆಲ ಹೊಳೆದಷ್ಟೂ ಅವನ ಕಣ್ಣು ಆ ಬೆಳಕಿಗೇ ಹೊಂದಿಕೊಂಡು, ದೂರದ ಕತ್ತಲಲ್ಲಿರೋದು ಇನ್ನೂ ಮಸುಕಾಗುತ್ತೆ. ಎದುರಿನವನೂ ಸೋತ, ಇವನೂ ಗೆದ್ದಿಲ್ಲ.

ಎರಡನೇದು ಡಿಕ್ಕಿಯ ಭಾರ. ಹಬ್ಬ ಮುಗಿಸಿ ಊರಿಂದ ಬೆಂಗಳೂರಿಗೆ ಹೊರಡೋ ಕಾರನ್ನು ನೆನೆಸ್ಕೊಳ್ಳಿ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ರಾಗಿಹಿಟ್ಟಿನ ಚೀಲ, ತೆಂಗಿನಕಾಯಿ, ಕಡ್ಲೆಕಾಯಿ. ಎರಡು ಚಕ್ರಗಳ ನಡುವೆ ಎರಡೂವರೆ ಮೀಟರ್ ಇರೋ ಕಾರಿನ ಹಿಂಭಾಗ ಐದು ಸೆಂಟಿಮೀಟರ್ ಕುಗ್ಗಿದರೆ ಮೂತಿ ಶೇಕಡಾ ಎರಡರಷ್ಟು ಮೇಲೇಳುತ್ತೆ. ಶೇಕಡಾ ಒಂದು ಕೆಳಗಿದ್ದ ದೀಪ ಈಗ ಶೇಕಡಾ ಒಂದು ಮೇಲಿದೆ. 70 ಸೆಂಟಿಮೀಟರ್ ಎತ್ತರದಿಂದ ಹೊರಟ ಗೆರೆ 50 ಮೀಟರ್ ದೂರದಲ್ಲಿ 1.2 ಮೀಟರ್ ಎತ್ತರದಲ್ಲಿರುತ್ತೆ. ಎದುರು ಬರೋ ಸಣ್ಣ ಕಾರಿನ ಚಾಲಕನ ಕಣ್ಣು ಇರೋದು ಹೆಚ್ಚುಕಡಿಮೆ ಅಲ್ಲೇ. ಇದಕ್ಕೆ ಮದ್ದು ಹಲವು ಕಾರುಗಳಲ್ಲಿದೆ, ಸ್ಟೀರಿಂಗ್ ಪಕ್ಕ 0, 1, 2, 3 ಅಂತ ಬರೆದ ಪುಟ್ಟ ಗಾಲಿ. ಅದೇನು ಅಂತ ನನ್ನ ಟೀಮಿನಲ್ಲಿ ಕಾರಿರೋ ಏಳು ಜನರನ್ನು ಕೇಳಿದೆ. ಇಬ್ಬರಿಗೆ ಗೊತ್ತಿತ್ತು. ಒಬ್ಬರು ಅದನ್ನು ಎಸಿಯದು ಅಂದ್ಕೊಂಡಿದ್ದರು.

ಕಾನೂನು ಏನ್ ಹೇಳುತ್ತೆ? ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮದ ಪ್ರಕಾರ ಬೆಳಕು ಕೆಳಕ್ಕೆ ಬಾಗಿರಬೇಕು, ದೀಪದಿಂದ 8 ಮೀಟರ್ ದೂರ, ಬಲಕ್ಕೆ ಅರ್ಧ ಮೀಟರ್, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರೋ ಕಣ್ಣನ್ನು ಕುಕ್ಕಬಾರದು. ಎದುರಿನವನ ಕಣ್ಣನ್ನು ಹೆಸರಿಟ್ಟು ಕರೆದ ನಿಯಮ ಇದು, ಉದ್ದೇಶಕ್ಕೆ ನನ್ನ ನಮಸ್ಕಾರ. ಲೆಕ್ಕಕ್ಕೆ ಅಲ್ಲ. ಮೇಲೆ ಹೇಳಿದ ಭಾರದ ಕಾರಿನ ಗೆರೆ 8 ಮೀಟರಿನಲ್ಲಿ ಬರೀ 78 ಸೆಂಟಿಮೀಟರ್ ಎತ್ತರದಲ್ಲಿರುತ್ತೆ, ಸೊಂಟಕ್ಕಿಂತ ಕೆಳಗೆ. ಒಂದೂವರೆ ಮೀಟರಿನ ಕಣ್ಣಿಗೆ ಅದು ತಾಗೋದೇ ಇಲ್ಲ. ಕಣ್ಣಿಗೆ ತಾಗೋದು ಐವತ್ತು, ಎಪ್ಪತ್ತು ಮೀಟರ್ ದೂರದಲ್ಲಿ. ಕಾರ್ಖಾನೆಯಲ್ಲಿ ಹೊಸ ದೀಪಕ್ಕೆ ಮಂಜೂರಾತಿ ಕೊಡುವಾಗ 25 ಮೀಟರ್ ದೂರದ ಪರದೆಯ ಮೇಲೆ ಎದುರು ಚಾಲಕನ ಕಣ್ಣಿನ ಬಿಂದುವನ್ನೂ ಅಳೀತಾರೆ, ಅದು ಒಳ್ಳೇದು. ಆದರೆ ಆ ದೀಪ ಅಲ್ಲಾಡಿದ ಮೇಲೆ, ಬಲ್ಬು ಬದಲಾದ ಮೇಲೆ, ಗಾಜು ಮಾಸಿದ ಮೇಲೆ ಯಾರು ಅಳೀತಾರೆ?

2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕೋ ಎಲ್‌ಇಡಿ ದೀಪಗಳ ಮೇಲೆ ರಾಜ್ಯದಾದ್ಯಂತ ಕೇಸು ಹಾಕೋಕೆ ಶುರು ಮಾಡಿದರು, ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ. ಮೊದಲ ಸಲಕ್ಕೆ 500 ರೂಪಾಯಿವರೆಗೆ ದಂಡ. ಈ ಅಭಿಯಾನವನ್ನು ಗೇಲಿ ಮಾಡಿದವರ ಜೊತೆ ನಾನಿಲ್ಲ. ಎದುರು ಬರುವವನ ಪರವಾಗಿ ಸರ್ಕಾರ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ದೊಡ್ಡ ವಿಷಯ. ಆದರೆ ತಪ್ಪು ಎಲ್‌ಇಡಿ ಅನ್ನೋ ಹೆಸರಿನದಲ್ಲ. ಸರಿಯಾಗಿ ವಿನ್ಯಾಸ ಮಾಡಿದ ಎಲ್‌ಇಡಿ ದೀಪ ಗೆರೆಯನ್ನು ಹ್ಯಾಲೊಜೆನ್ನಿಗಿಂತ ಚೊಕ್ಕಟವಾಗಿ ಇಟ್ಟುಕೊಳ್ಳುತ್ತೆ. ಕೋನ ತಪ್ಪಿದ ಹ್ಯಾಲೊಜೆನ್ನೂ ಕುಕ್ಕುತ್ತೆ. ರಸ್ತೆಬದಿಯಲ್ಲಿ ನಿಂತ ಪೇದೆಯ ಕಣ್ಣೇ ಅಳತೆಗೋಲಾದರೆ ಬಿಳಿ ಇದ್ದದ್ದೆಲ್ಲ ಕಳ್ಳ, ಹಳದಿ ಇದ್ದದ್ದೆಲ್ಲ ಸಾಚಾ ಅಂತಾಗುತ್ತೆ. ಎಫ್‌ಸಿ ಮಾಡಿಸುವಾಗ, ಸರ್ವಿಸಿಗೆ ಬಿಟ್ಟಾಗ ದೀಪದ ಕೋನ ಅಳೆದು ಚೀಟಿ ಕೊಡೋ ಪದ್ಧತಿ ಬಂದರೆ ಆ 500 ರೂಪಾಯಿಗಿಂತ ಹೆಚ್ಚು ಕೆಲಸ ಆಗುತ್ತೆ.

ವಿಮರ್ಶೆ ಹೇಗಿರಬೇಕು ಅನ್ನೋದಕ್ಕೂ ಮಾದರಿ ಇದೆ. ಅಮೆರಿಕದ ವಿಮಾ ಕಂಪನಿಗಳ ದುಡ್ಡಲ್ಲಿ ನಡೆಯೋ ಐಐಎಚ್‌ಎಸ್ ಸಂಸ್ಥೆ 2016ರಲ್ಲಿ ಹೆಡ್‌ಲೈಟಿಗೆ ಅಂಕ ಕೊಡೋಕೆ ಶುರು ಮಾಡ್ತು. ನೇರ ರಸ್ತೆಯಲ್ಲಿ, ತಿರುವುಗಳಲ್ಲಿ ಬೆಳಕು ಎಷ್ಟು ದೂರ ಬೀಳುತ್ತೆ ಅಂತ ಅಳೀತಾರೆ, ಜೊತೆಗೆ ಎದುರಿನವನ ಕಣ್ಣಿಗೆ ಎಷ್ಟು ಬೀಳುತ್ತೆ ಅಂತ ಅಳೆದು ಅಂಕ ಕಳೀತಾರೆ. ಮೊದಲ ಸುತ್ತಿನ 31 ಮಧ್ಯಮ ಗಾತ್ರದ ಕಾರುಗಳಲ್ಲಿ 'ಉತ್ತಮ' ಅನ್ನಿಸಿಕೊಂಡದ್ದು ಒಂದೇ ಒಂದು. ನಮ್ಮ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್‌ನಲ್ಲಿ ಬಂದಾಗ ಅದರ ನಕ್ಷತ್ರಗಳು ಮುಖ್ಯವಾಗಿ ಕಾರಿನ ಒಳಗೆ ಕೂತವರ ರಕ್ಷಣೆಗೆ ಮೀಸಲಾಗಿದ್ದವು. ಹೊರಗಿರೋನ ಕಣ್ಣಿಗೆ ಒಂದು ನಕ್ಷತ್ರವೂ ಇರಲಿಲ್ಲ.

ಇಷ್ಟೆಲ್ಲ ಯಾಕೆ, ಅಡಾಪ್ಟಿವ್ ಬೀಮ್ ಬಂದರೆ ಎಲ್ಲಾ ಸರಿಹೋಗುತ್ತೆ ಅಂತ ನನ್ನಂಥ ಸಾಫ್ಟ್‌ವೇರ್ ಮಂದಿ ಹೇಳ್ತಾರೆ. ಕ್ಯಾಮೆರಾ ಎದುರು ಗಾಡಿಯನ್ನು ಗುರುತಿಸುತ್ತೆ, ಹೈಬೀಮಿನಲ್ಲಿ ಅಷ್ಟು ಭಾಗವನ್ನು ಮಾತ್ರ ಕತ್ತಲು ಮಾಡುತ್ತೆ. ಯುರೋಪು, ಜಪಾನಿನಲ್ಲಿ ಮೊದಲೇ ಇತ್ತು, ಅಮೆರಿಕ 2022ರ ಫೆಬ್ರವರಿಯಲ್ಲಿ ಒಪ್ಪಿಕೊಂಡಿತು. ನಿಜಕ್ಕೂ ಚಂದದ ಎಂಜಿನಿಯರಿಂಗ್. ಆದರೆ ಅದು ಗುರುತಿಸೋದು ಮುಖ್ಯವಾಗಿ ದೀಪಗಳನ್ನು. ಎದುರು ಬರೋ ಕಾರಿಗೆ ದೀಪ ಇದೆ, ಅದಕ್ಕೆ ಮರ್ಯಾದೆ ಸಿಗುತ್ತೆ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ನಡೆದು ಬರೋ ಹೆಂಗಸಿಗೆ, ಡೈನಮೋ ಇಲ್ಲದ ಸೈಕಲ್ಲಿನವನಿಗೆ, ದೀಪ ಆರಿಸಿ ಪಕ್ಕಕ್ಕೆ ನಿಂತ ಮೊಪೆಡ್ಡಿನವರಿಗೆ ದೀಪ ಇಲ್ಲ. ಆ ಸಾಫ್ಟ್‌ವೇರಿನ ಲೆಕ್ಕದಲ್ಲಿ ಅವರು ರಸ್ತೆಯಲ್ಲೇ ಇಲ್ಲ. ಅವರ ಮುಖಕ್ಕೆ ಪೂರ್ತಿ ಹೈಬೀಮ್.

ಅಲ್ಲಿವರೆಗೂ ನಮ್ಮ ಕೈಲಾಗೋದು ಸಣ್ಣದು. ಸಮತಟ್ಟು ನೆಲದಲ್ಲಿ, ಟೈರಿಗೆ ಗಾಳಿ ಸರಿಯಿದ್ದಾಗ, ಗೋಡೆಯಿಂದ ಐದು ಮೀಟರ್ ದೂರ ಕಾರು ನಿಲ್ಲಿಸಿ ಲೋಬೀಮ್ ಹಾಕಿ. ದೀಪದ ನಡುಮಧ್ಯದ ಎತ್ತರಕ್ಕಿಂತ ಬೆಳಕಿನ ಗೆರೆ ಐದು ಸೆಂಟಿಮೀಟರ್ ಕೆಳಗಿದ್ದರೆ ಸರಿ. ಮೇಲಿದ್ದರೆ ಮೆಕ್ಯಾನಿಕ್ ಹತ್ತಿರ ಫೋಕಸ್ ಸೆಟ್ ಮಾಡಿಸಿ, ಹತ್ತು ನಿಮಿಷದ ಕೆಲಸ. ಡಿಕ್ಕಿ ತುಂಬಿದಾಗ ಆ ಪುಟ್ಟ ಗಾಲಿ ತಿರುಗಿಸಿ. ಡಿಮ್-ಡಿಪ್ ಅನ್ನೋದನ್ನು ಲಾರಿಯವರಿಗೆ ಮಾತ್ರ ಬಿಡಬೇಡಿ.

ರಿವ್ಯೂ ಮಾಡೋರಿಗೂ ಒಂದು ಕೋರಿಕೆ. ಮುಂದಿನ ಕಾರು ಬಂದಾಗ ಕ್ಯಾಮೆರಾ ಹಿಡಿದವನನ್ನು ಒಳಗೆ ಕೂರಿಸಿ, ನೀವು ಇಳಿದು ಐವತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲಿ. ಕಾರು ನಿಮ್ಮನ್ನು ದಾಟಿಹೋಗಲಿ. ಅದು ಹೋದ ಮೇಲೆ ರಸ್ತೆ ಮತ್ತೆ ಕಾಣೋಕೆ ಎಷ್ಟು ಸೆಕೆಂಡ್ ಹಿಡೀತು ಅಂತ ಎಣಿಸಿ ಹೇಳಿ. ಥ್ರೋ ಎಷ್ಟಿದೆ ಅನ್ನೋದನ್ನು ಆಮೇಲೆ ಕೇಳ್ತೀವಿ.