ಹಿಟ್ಟಿಗೆ ಫೋಲಿಕ್ ಆಮ್ಲ: ಬರೆಯದೆ ಉಳಿದ ಖರ್ಚು

ಒಂದು ದೇಶದ ಜನರೆಲ್ಲರೂ ಉಣ್ಣುವ ಹಿಟ್ಟಿಗೆ ಸರಕಾರವು ಒಂದು ಜೀವಸತ್ವವನ್ನು ಕಡ್ಡಾಯವಾಗಿ ಬೆರೆಸಬಹುದೇ? ಬೆರೆಸಿದರೆ ಅದು ಎಲ್ಲರಿಗೂ ಸುರಕ್ಷಿತವೇ? ಈ ಪ್ರಶ್ನೆಗೆ ಉತ್ತರ ಹೇಳಲು ಬ್ರಿಟನ್ನಿಗೆ ಮೂವತ್ತು ವರ್ಷಗಳು ಬೇಕಾದವು. ಅಲ್ಲಿ ಮಂಡಿತವಾದ ವಾದಗಳನ್ನು ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ. 'ಸಾರವರ್ಧಿತ' ಎಂದು ಅಚ್ಚಾದ ಅಕ್ಕಿ ಮತ್ತು ಹಿಟ್ಟಿನ ಚೀಲಗಳು ನಮ್ಮ ಮನೆಗಳಿಗೂ ಬಂದಿರುವುದರಿಂದ ಈ ವಿಚಾರವು ನಮಗೆ ದೂರದ್ದಲ್ಲ. ಸಸ್ಯಾಹಾರಿಗಳಿಗಂತೂ ಇದು ಇನ್ನಷ್ಟು ಹತ್ತಿರದ್ದು.

ಮೊದಲು ವಸ್ತುವಿನ ಪರಿಚಯ. ಸೊಪ್ಪು, ಬೇಳೆ, ಕಾಳುಗಳಲ್ಲಿ ಸಹಜವಾಗಿರುವ ಫೋಲೇಟ್ ಎಂಬ ಜೀವಸತ್ವವು ದೇಹದಲ್ಲಿ ಹೊಸ ಜೀವಕೋಶಗಳು ಹುಟ್ಟುವಲ್ಲೆಲ್ಲ ಬೇಕಾಗುತ್ತದೆ. ಅದರ ಶೋಧದ ಕಥೆಗೆ ನಮ್ಮ ದೇಶದ ನಂಟಿದೆ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಸಿಸಿ, ಅದು ಯೀಸ್ಟಿನ ಸಾರದಿಂದ ಗುಣವಾಗುವುದನ್ನು ೧೯೩೧ರಲ್ಲಿ ಪ್ರಕಟಿಸಿದರು. ೧೯೪೧ರಲ್ಲಿ ಅಮೆರಿಕದ ವಿಜ್ಞಾನಿಗಳು ಅಂಥದೇ ಅಂಶವನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, 'ಎಲೆ' ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಹೆಸರಿಟ್ಟರು. ಆಹಾರಕ್ಕೆ ಬೆರೆಸುವ ಫೋಲಿಕ್ ಆಮ್ಲವು ಈ ಜೀವಸತ್ವದ ಕೃತಕ ರೂಪ. ಅದು ಸೊಪ್ಪಿನ ಫೋಲೇಟಿಗಿಂತ ಸ್ಥಿರವಾದುದು. ದೇಹವು ಅದನ್ನು ಹೆಚ್ಚು ಸುಲಭವಾಗಿ ಹೀರಿಕೊಳ್ಳುತ್ತದೆ.

ಗರ್ಭ ನಿಂತ ಸುಮಾರು ೨೮ ದಿನಗಳೊಳಗೆ ಭ್ರೂಣದ ನರನಾಳವು ಮುಚ್ಚಿಕೊಳ್ಳಬೇಕು. ಮುಂದೆ ಮಿದುಳು ಮತ್ತು ಬೆನ್ನುಹುರಿಗಳಾಗುವ ಭಾಗವಿದು. ಮೇಲ್ತುದಿ ಮುಚ್ಚದಿದ್ದರೆ ಮಗು ಬದುಕುವುದಿಲ್ಲ. ಕೆಳಭಾಗ ಮುಚ್ಚದಿದ್ದರೆ ಅದು ಸ್ಪೈನಾ ಬೈಫಿಡಾ ಎಂಬ ದೋಷವಾಗಿ, ಕಾಲಿನ ಬಲವೂ ಮಲಮೂತ್ರಗಳ ಹಿಡಿತವೂ ಜೀವನಪರ್ಯಂತ ಕುಂದಬಹುದು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯು ಏಳು ದೇಶಗಳ ೩೩ ಕೇಂದ್ರಗಳಲ್ಲಿ ನಡೆಸಿ ೧೯೯೧ರಲ್ಲಿ ಪ್ರಕಟಿಸಿದ ಪ್ರಯೋಗವು ಈ ವಿಷಯದಲ್ಲಿ ನಿರ್ಣಾಯಕವಾಯಿತು. ಹಿಂದೊಮ್ಮೆ ಇಂಥ ದೋಷದ ಗರ್ಭ ಧರಿಸಿದ್ದ ತಾಯಂದಿರು ಅದರಲ್ಲಿದ್ದರು. ದಿನಕ್ಕೆ ೪ ಮಿಲಿಗ್ರಾಂ ಫೋಲಿಕ್ ಆಮ್ಲ ಪಡೆದ ಅರ್ಧದಷ್ಟು ಮಂದಿಯಲ್ಲಿ ೬ ಗರ್ಭಗಳಿಗೆ ದೋಷ ತಗಲಿತು. ಪಡೆಯದ ಅರ್ಧದಲ್ಲಿ ೨೧ ಗರ್ಭಗಳಿಗೆ. ನೂರಕ್ಕೆ ೭೨ರಷ್ಟು ರಕ್ಷಣೆ! ಮುಂದುವರಿಸುವುದು ನ್ಯಾಯವಲ್ಲವೆಂದು ಆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಮರುವರ್ಷ ಹಂಗೆರಿಯಿಂದ ಬಂದ ವರದಿಯು ಹಿಂದೆ ಅಂಥ ಗರ್ಭವಿಲ್ಲದ ಸ್ತ್ರೀಯರಲ್ಲಿಯೂ, ೦.೮ ಮಿಲಿಗ್ರಾಂ ಫೋಲಿಕ್ ಆಮ್ಲವಿದ್ದ ಜೀವಸತ್ವಗಳ ಮಾತ್ರೆಯಿಂದ, ಈ ರಕ್ಷಣೆ ದೊರೆಯುವುದನ್ನು ತೋರಿಸಿತು.

ಹಾಗಾದರೆ ಗರ್ಭಿಣಿಯರಿಗೆ ಮಾತ್ರೆ ಕೊಟ್ಟರೆ ಸಾಲದೇ? ಸಾಲದು. ತಾನು ಗರ್ಭಿಣಿಯೆಂದು ಸ್ತ್ರೀಗೆ ತಿಳಿಯುವ ಹೊತ್ತಿಗೆ ನರನಾಳ ಮುಚ್ಚುವ ಕಾಲವು ಬಹುಪಾಲು ಕಳೆದಿರುತ್ತದೆ. ನಿತ್ಯದ ಆಹಾರದಲ್ಲಿಯೇ ಅದು ಇರಲಿ ಎಂಬ ವಾದ ಹುಟ್ಟಿದ್ದು ಇಲ್ಲಿಂದ. ಅಮೆರಿಕವು ೧೯೯೮ರ ಜನವರಿಯಿಂದ ೧೦೦ ಗ್ರಾಂ ಹಿಟ್ಟಿಗೆ ೧೪೦ ಮೈಕ್ರೋಗ್ರಾಂ ಬೆರೆಸುವುದನ್ನು ಕಡ್ಡಾಯಗೊಳಿಸಿತು. ಕೆನಡಾ ಅದೇ ವರ್ಷ, ಚಿಲಿ ೨೦೦೦ದಲ್ಲಿ, ಆಸ್ಟ್ರೇಲಿಯ ೨೦೦೯ರಲ್ಲಿ ಈ ಹಾದಿ ಹಿಡಿದವು. ಇದರಿಂದ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ೧೩೦೦ ಶಿಶುಗಳು ಈ ದೋಷದಿಂದ ಪಾರಾಗುತ್ತಿವೆ ಎಂಬುದು ಅಲ್ಲಿಯ ಆರೋಗ್ಯ ಇಲಾಖೆಯ ಅಂದಾಜು.

ಆದರೆ ಪ್ರಮಾಣವನ್ನು ಜಗತ್ತಿಗೆ ಒದಗಿಸಿದ ಬ್ರಿಟನ್ ಏನು ಮಾಡಿತು? ೨೦೦೦ದಲ್ಲಿ ತಜ್ಞರ ಸಮಿತಿ ಶಿಫಾರಸು ಮಾಡಿತು; ೨೦೦೨ರಲ್ಲಿ ಆಹಾರ ಮಾನದಂಡ ಸಂಸ್ಥೆಯ ಮಂಡಳಿ ಬೇಡವೆಂದಿತು. ೨೦೦೬ರಲ್ಲಿ ಮತ್ತೊಂದು ತಜ್ಞ ಸಮಿತಿಯು ಬೇಕೆಂದಿತು. ೨೦೦೭ರಲ್ಲಿ ಅದೇ ಮಂಡಳಿ ಒಪ್ಪಿತು. ಅಷ್ಟರಲ್ಲಿ ಕ್ಯಾನ್ಸರಿನ ಶಂಕೆಯೆದ್ದು ಕಡತ ನಿಂತಿತು. ೨೦೦೯ ಮತ್ತು ೨೦೧೭ರಲ್ಲಿ ಸಮಿತಿಯು ತನ್ನ ಅಭಿಪ್ರಾಯವನ್ನೇ ಪುನಃ ಹೇಳಿತು. ೨೦೨೧ರಲ್ಲಿ ನಿರ್ಧಾರ, ೨೦೨೪ರಲ್ಲಿ ಕಾನೂನು. ಹಿಟ್ಟಿನ ಗಿರಣಿಗಳಿಗೆ ಕೊಟ್ಟ ಗಡುವು ೨೦೨೬ರ ಡಿಸೆಂಬರ್.

ವಿರೋಧಿಗಳ ಆಕ್ಷೇಪಣೆಗಳು ಮುಖ್ಯವಾಗಿ ಮೂರು. ಒಂದೊಂದನ್ನೂ ಒರೆಗೆ ಹಚ್ಚೋಣ.

ಮೊದಲನೆಯದು ಸ್ವಾತಂತ್ರ್ಯದ್ದು, ಇದು ಸಾಮೂಹಿಕ ಔಷಧಪ್ರಯೋಗವೆಂಬುದು. ಆದರೆ ಬ್ರಿಟನ್ನಿನ ಬಿಳಿಯ ಹಿಟ್ಟಿಗೆ ಸುಣ್ಣದ ಅಂಶ, ಕಬ್ಬಿಣ ಮತ್ತು ಎರಡು ಬಿ ಜೀವಸತ್ವಗಳನ್ನು ಕಾನೂನಿನ ಮೇರೆಗೆ ಬೆರೆಸುವುದು ಹಿಂದಿನಿಂದಲೂ ನಡೆದಿದೆ. ಹೊಸ ಕಾನೂನು ಇಡಿ ಗೋಧಿಯ ಹಿಟ್ಟನ್ನು ಹೊರಗಿಟ್ಟಿರುವುದರಿಂದ ಬೇಡವೆನ್ನುವವನಿಗೆ ದಾರಿ ಇದ್ದೇ ಇದೆ.

ಎರಡನೆಯದು ಕ್ಯಾನ್ಸರಿನ ಭಯ. ೨೦೦೭ರಲ್ಲಿ ಕೆಲವು ವರದಿಗಳು ಕರುಳಿನ ಕ್ಯಾನ್ಸರ್ ಹೆಚ್ಚಬಹುದೆಂಬ ಶಂಕೆಯನ್ನು ಎತ್ತಿದವು. ಶಂಕೆ ಗಂಭೀರವಾದುದು, ಪರೀಕ್ಷಿಸಿದ್ದು ಸರಿ. ಸುಮಾರು ೫೦,೦೦೦ ಜನರಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿದ ೨೦೧೩ರ ವಿಶ್ಲೇಷಣೆಯಲ್ಲಿ ಗಣನೀಯ ಏರಿಕೆ ಕಂಡುಬರಲಿಲ್ಲ. ಆ ಪ್ರಯೋಗಗಳಲ್ಲಿ ಕೊಟ್ಟ ಪ್ರಮಾಣವು ಹಿಟ್ಟಿನಿಂದ ಬರುವುದಕ್ಕಿಂತ ಬಹಳ ಹೆಚ್ಚಿನದು.

ಮೂರನೆಯದೇ ತೂಕದ ಆಕ್ಷೇಪಣೆ. ಬಿ-೧೨ ಜೀವಸತ್ವದ ಕೊರತೆಯಿಂದಲೂ ರಕ್ತಹೀನತೆ ಬರುತ್ತದೆ. ಹೆಚ್ಚು ಫೋಲಿಕ್ ಆಮ್ಲವು ಆ ರಕ್ತಹೀನತೆಯನ್ನು ಸರಿಪಡಿಸಿ, ನರಗಳಿಗಾಗುವ ಹಾನಿಯನ್ನು ಮಾತ್ರ ಹಾಗೆಯೇ ಬಿಡಬಹುದು. ರೋಗ ಮರೆಯಾಗಿ ಬೆಳೆಯುತ್ತದೆ. ಈ ಅನುಭವವು ೧೯೪೦ರ ದಶಕದಿಂದೀಚೆಗೆ, ದಿನಕ್ಕೆ ೫ ಮಿಲಿಗ್ರಾಂ ಇಲ್ಲವೆ ಅದಕ್ಕಿಂತ ಹೆಚ್ಚು ಕೊಟ್ಟ ರೋಗಿಗಳಿಂದ ಬಂದದ್ದು. ಅದನ್ನಾಧರಿಸಿ ಅಮೆರಿಕದ ತಜ್ಞರು ೧೯೯೮ರಲ್ಲಿ ದಿನಕ್ಕೆ ೧ ಮಿಲಿಗ್ರಾಂ ಮೇರೆಯನ್ನು ವಿಧಿಸಿದರು. ಪ್ರಮಾಣ ಹೆಚ್ಚಿದಂತೆ ನರಹಾನಿ ಹೆಚ್ಚಿದ್ದಕ್ಕೆ ಆ ದಾಖಲೆಗಳಲ್ಲಿ ಆಧಾರವಿಲ್ಲವೆಂದು ೨೦೧೮ರಲ್ಲಿ ಬ್ರಿಟನ್ನಿನ ಸಂಶೋಧಕರು ವಾದಿಸಿದರು. ಬಿ-೧೨ ಅನ್ನು ಇಂದು ರಕ್ತದಲ್ಲಿ ನೇರವಾಗಿ ಅಳೆಯಬಹುದು ಎಂಬುದನ್ನೂ ನೆನಪಿಡಬೇಕು.

ಇಲ್ಲಿ ಲೆಕ್ಕದ ಒಂದು ಮೂಲತತ್ತ್ವವನ್ನು ಹೇಳದೆ ಗತ್ಯಂತರವಿಲ್ಲ. ಬೆರೆಸಿದರೆ ಆಗಬಹುದಾದ ಹಾನಿಯನ್ನು ಸಮಿತಿಗಳು ಸಾಲುಸಾಲಾಗಿ ಬರೆದವು. ಬೆರೆಸದೆ ಕಳೆದ ಪ್ರತಿ ವರ್ಷದ ಹಾನಿ ಮಾತ್ರ ಯಾವ ಕೀರ್ದಿಯಲ್ಲಿಯೂ ಖರ್ಚಾಗಿ ಬೀಳಲಿಲ್ಲ. ಅಮೆರಿಕದ ಪ್ರಮಾಣವನ್ನೇ ಅನುಸರಿಸಿದ್ದರೆ ಬ್ರಿಟನ್ನಿನಲ್ಲಿ ೧೯೯೮ರಿಂದ ೨೦೧೨ರವರೆಗೆ ಸುಮಾರು ೨೦೦೦ ಗರ್ಭಗಳು ದೋಷದಿಂದ ಪಾರಾಗುತ್ತಿದ್ದವೆಂದು ಆಮೇಲೆ ಅಂದಾಜಿಸಲಾಯಿತು. ಅಂದಾಜಿಸಿದವರಲ್ಲಿ ಬೆರೆಸುವ ಪಕ್ಷದವರೂ ಇದ್ದರು, ನಿಜ. ಸಂಖ್ಯೆಯನ್ನು ಅರ್ಧಕ್ಕಿಳಿಸಿದರೂ ಅದು ಸಣ್ಣದಾಗುವುದಿಲ್ಲ. ಏನನ್ನೂ ಮಾಡದಿರುವುದು ನಿರ್ದೋಷವೆಂಬ ಭಾವನೆಯೇ ಆ ಮೂವತ್ತು ವರ್ಷಗಳ ದೊಡ್ಡ ದೋಷ.

ಹಾಗೆಂದು ಪ್ರತಿಪಾದಕರ ಮಾತೆಲ್ಲವೂ ನಿರ್ದುಷ್ಟವಲ್ಲ. 'ಹಾನಿ ಕಂಡಿಲ್ಲ' ಎಂಬುದನ್ನು ಅವರು ಹಲವು ಬಾರಿ 'ಹಾನಿ ಇಲ್ಲ' ಎಂದು ಓದಿದ್ದಾರೆ. ಅವರ ಆಧಾರಗಳಲ್ಲಿ ಬಹುಪಾಲು ಮಾಂಸ, ಮೊಟ್ಟೆ ತಿನ್ನುವ ದೇಶಗಳವು. ಸಸ್ಯಗಳಲ್ಲಿ ಬಿ-೧೨ ಇಲ್ಲ. ನಮಗೆ ಹಾಲು ಮೊಸರುಗಳಿಂದ ಬಂದಷ್ಟೇ. ಪುಣೆಯ ಸುತ್ತಲಿನ ಹಳ್ಳಿಗಳ ತಾಯಂದಿರನ್ನು ಕುರಿತು ೨೦೦೮ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ಮಂದಿಗೆ ಬಿ-೧೨ ಕಡಮೆಯಿತ್ತು. ಬಿ-೧೨ ಕಡಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ, ಆರನೆಯ ವಯಸ್ಸಿನಲ್ಲಿ, ಇನ್ಸುಲಿನ್ನಿಗೆ ಮಣಿಯದ ಲಕ್ಷಣವು ಅತಿ ಹೆಚ್ಚಾಗಿ ಕಂಡಿತು. ಅದು ಕಾರಣವನ್ನು ಸಿದ್ಧಪಡಿಸದು. ಆದರೆ ನಮ್ಮಂಥವರು ಕಡೆಗಣಿಸತಕ್ಕದ್ದಲ್ಲ.

ಈ ಬೆಳಕಿನಲ್ಲಿ ನಮ್ಮ ದೇಶದ ನಿಯಮವನ್ನು ನೋಡಬೇಕು. ೨೦೧೮ರ ಮಾನದಂಡದಂತೆ ಒಂದು ಕಿಲೋ ಸಾರವರ್ಧಿತ ಅಕ್ಕಿ ಅಥವಾ ಗೋಧಿಹಿಟ್ಟಿನಲ್ಲಿ ೭೫ರಿಂದ ೧೨೫ ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಜೊತೆಗೆ ಕಬ್ಬಿಣ ಹಾಗೂ ೦.೭೫ರಿಂದ ೧.೨೫ ಮೈಕ್ರೋಗ್ರಾಂ ಬಿ-೧೨ ಇರಬೇಕು. ಬಿ-೧೨ ಅನ್ನು ಜೊತೆಗಿರಿಸಿದ್ದು ವಿವೇಕ. ಆದರೆ ಗುಣಾಕಾರ ಮಾಡಿ ನೋಡಿ. ದಿನಕ್ಕೆ ೩೦೦ ಗ್ರಾಂ ಉಣ್ಣುವವರಿಗೆ ದೊರೆಯುವ ಫೋಲಿಕ್ ಆಮ್ಲ ಹೆಚ್ಚೆಂದರೆ ೩೮ ಮೈಕ್ರೋಗ್ರಾಂ. ಗರ್ಭಕ್ಕೆ ಮುನ್ನ ವೈದ್ಯರು ಹೇಳುವುದು ದಿನಕ್ಕೆ ೪೦೦. ಬಿ-೧೨ ದೊರೆಯುವುದು ೦.೩೮, ಬೇಕಾದದ್ದು ೨ಕ್ಕೂ ಮೇಲೆ. ಅಮೆರಿಕದ ಹಿಟ್ಟಿನಲ್ಲಿರುವುದರ ಹತ್ತನೆಯ ಒಂದು ಪಾಲೂ ಇಲ್ಲದ ಈ ಅಕ್ಕಿಯ ಫೋಲಿಕ್ ಆಮ್ಲವನ್ನು ವಿಷವೆನ್ನುವುದು ಅವಿಚಾರ; ಇಷ್ಟರಿಂದಲೇ ತಾಯಿಗೂ ಮಗುವಿಗೂ ರಕ್ಷಣೆ ದೊರೆಯಿತೆನ್ನುವುದೂ ಅವಿಚಾರವೇ.

ಆದುದರಿಂದ ವಿವಾಹವಾಗಿ ಸಂತಾನ ಬಯಸುವ ಸೊಸೆ, ಮಗಳಂದಿರು ವೈದ್ಯರ ಸಲಹೆಯಂತೆ ಗರ್ಭಕ್ಕೆ ಮುನ್ನವೇ ಮಾತ್ರೆ ಆರಂಭಿಸಬೇಕು. ಬಿ-೧೨ ಅನ್ನೂ ಪರೀಕ್ಷಿಸಿಕೊಳ್ಳಬೇಕು. ಮನೆಯ ಹಿರಿಯರಿಗೂ ಆ ಪರೀಕ್ಷೆ ಅವಶ್ಯ. ಇವು ಮಾಂಸಮೂಲದವೇ ಎಂಬ ಸಂದೇಹ ಬೇಡ: ಫೋಲಿಕ್ ಆಮ್ಲವನ್ನು ರಾಸಾಯನಿಕವಾಗಿ, ಬಿ-೧೨ ಅನ್ನು ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ. ವ್ರತನಿಯಮವುಳ್ಳವರು ಎರಡನೆಯದನ್ನು ತಮ್ಮ ಗುರುಗಳಲ್ಲಿ ವಿಚಾರಿಸಿಕೊಳ್ಳಲಿ. ಭೋಜನಶಾಲೆಗಳಿಗೆ ಅಕ್ಕಿ, ಹಿಟ್ಟು ಕೊಳ್ಳುವ ಟ್ರಸ್ಟುಗಳು ಚೀಲದ ಮೇಲಿನ ಸಾರವರ್ಧಿತ ಚಿಹ್ನೆಯನ್ನಷ್ಟೇ ನೋಡದೆ, ಯಾವುದು ಎಷ್ಟಿದೆ, ಬಿ-೧೨ ಇದೆಯೇ ಎಂಬುದನ್ನೂ ಓದಿ ಕೊಳ್ಳಲಿ. ಅನ್ನ ನೀಡುವವರು ಅದರಲ್ಲಿ ಏನಿದೆಯೆಂಬುದನ್ನು ಕೇಳಿದವರಿಗೆ ಹೇಳಬಲ್ಲವರಾಗಿರಬೇಕು.