ಕೊರಳು ಮೊದಲು, ಗ್ರಿಡ್ ಆಮೇಲೆ

ಏಬಲ್ಟನ್ ಲೈವ್ ಇರಲಿ, ಲಾಜಿಕ್ ಇರಲಿ, ಕ್ಯೂಬೇಸ್ ಇರಲಿ, ರೀಪರ್ ಇರಲಿ, ಧ್ವನಿಮುದ್ರಣದ ಈ ಸಾಫ್ಟ್‌ವೇರುಗಳಲ್ಲಿ ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ ಮೂರು ವಿಷಯ ನಮ್ಮನ್ನು ಕೇಳದೆಯೇ ಇತ್ಯರ್ಥವಾಗಿರುತ್ತವೆ: ನಿಮಿಷಕ್ಕೆ 120 ಪೆಟ್ಟು, ಆವರ್ತಕ್ಕೆ ನಾಲ್ಕು ಪೆಟ್ಟು, ಸ್ಥಾಯಿಗೆ ಸಮ ಅಂತರದ ಹನ್ನೆರಡು ಸ್ವರ. ಇನ್ನೂ ತಂಬೂರಿ ಶ್ರುತಿಯಾಗಿಲ್ಲ, ಹಾಡುವವರು ಮೈಕಿನ ಮುಂದೆ ಬಂದೇ ಇಲ್ಲ. ಪರದೆಯ ತುಂಬ ಉದ್ದುದ್ದ ಗೆರೆಗಳು ಆಗಲೇ ಸಾಲಾಗಿ ನಿಂತಿರುತ್ತವೆ. ಸ್ಟುಡಿಯೊದವರು ‘ಗ್ರಿಡ್’ ಎನ್ನುವುದು ಈ ಗೆರೆಗಳನ್ನು. ಇವನ್ನು ಬದಲಿಸಬಹುದು, ಮರೆಮಾಡಲೂಬಹುದು, ಆದರೆ ಆ ಗೊಡವೆಗೆ ಹೋಗುವವರು ಕಡಿಮೆ. ಇವತ್ತು ಎಷ್ಟೋ ಭಾವಗೀತೆ, ದೇವರನಾಮ, ವಚನಗಳ ಧ್ವನಿಮುದ್ರಣ ನಡೆಯುವುದು ಮನೆಯ ಒಂದು ಕೋಣೆಯಲ್ಲಿ, ಒಂದೇ ಕಂಪ್ಯೂಟರಿನಲ್ಲಿ. ಅಲ್ಲಿನ ಕ್ರಮವೂ ರೂಢಿಯಾಗಿಬಿಟ್ಟಿದೆ. ಮೊದಲು ಟೆಂಪೊ, ಆಮೇಲೆ ಕ್ಲಿಕ್, ಕೀಬೋರ್ಡಿನ ಪ್ಯಾಡ್, ತಬಲಾ ಲೂಪ್. ಎಲ್ಲ ಆದ ಮೇಲೆ ಹಾಡುವವರನ್ನು ಕರೆಸಿ ಧ್ವನಿ ತುಂಬಿಸುವುದು, ತುಂಬಿಸಿದ್ದನ್ನು ತಿದ್ದುವುದು. ನನ್ನ ತಕರಾರು ಸಾಫ್ಟ್‌ವೇರಿನ ಮೇಲಲ್ಲ, ಈ ಕ್ರಮದ ಮೇಲೆ. ಕೊರಳೇ ಬೇರಾಗಿರುವ ಸಂಗೀತದಲ್ಲಿ ಕೊರಳು ಮೊದಲು ಬರಬೇಕು, ಗ್ರಿಡ್ ಅದರ ಹಿಂದೆ ನಡೆಯಬೇಕು.

ಗ್ರಿಡ್ ಎಲ್ಲಿಂದ ಬಂತು ಎಂದು ನೋಡಿದರೆ ಅದರ ಸ್ವಭಾವ ತಿಳಿಯುತ್ತದೆ. 1980ರಲ್ಲಿ ಅಮೆರಿಕದ ರೋಜರ್ ಲಿನ್ ಎಲ್‌ಎಂ-1 ಎಂಬ ಡ್ರಮ್ ಯಂತ್ರ ಹೊರತಂದರು. ಹಿಂದೆಮುಂದೆ ಬಿದ್ದ ಪೆಟ್ಟನ್ನು ಹತ್ತಿರದ ಗೆರೆಗೆ ಎಳೆದು ಕೂರಿಸುವ ‘ಕ್ವಾಂಟೈಸ್’ ಅದರಲ್ಲಿತ್ತು. ಅದರ ಪಕ್ಕದಲ್ಲೇ, ನಡುನಡುವಿನ ಪೆಟ್ಟನ್ನು ತುಸು ತಡಮಾಡಿ ನಡೆಗೆ ಒಂದು ತೂಗಾಟ ತರುವ ‘ಸ್ವಿಂಗ್’ ಕೂಡ ಇತ್ತು. ಗೆರೆಗೆ ಎಳೆಯುವ ಉಪಾಯ ಕೊಟ್ಟವರಿಗೇ ಗೆರೆಯಿಂದ ಸರಿಸುವ ಉಪಾಯವನ್ನೂ ಕೊಡಬೇಕೆನಿಸಿತ್ತು ಎಂಬುದನ್ನು ಗಮನಿಸಬೇಕು. 1983ರಲ್ಲಿ ಬೇರೆಬೇರೆ ಕಂಪನಿಗಳ ಕೀಬೋರ್ಡುಗಳು ಒಂದಕ್ಕೊಂದು ಹೊಂದಿಕೊಳ್ಳಲೆಂದು ಮಿಡಿ ಬಂತು. ಅದು ಸ್ವರಗಳಿಗೆ 0ಯಿಂದ 127ರವರೆಗೆ ನಂಬರು ಕೊಟ್ಟಿತು. ಆ ಲೆಕ್ಕದಲ್ಲಿ ಸ್ವರವೆಂದರೆ ಒತ್ತಿದ ಒಂದು ಮನೆ, ಬಿಟ್ಟ ಒಂದು ಮನೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯ ವಿಚಾರ ಬೇರೆ ಖಾತೆಗೆ ಸೇರಿತು. 1989ರಲ್ಲಿ ಅಟಾರಿ ಕಂಪ್ಯೂಟರಿಗೆ ಕ್ಯೂಬೇಸ್ ಬಂದಾಗ ಕಾಲ ಎಡದಿಂದ ಬಲಕ್ಕೆ ಹರಿಯುವ ಪಟ್ಟಿಯಾಯಿತು. ಇದೆಲ್ಲ ಡ್ರಮ್ ಮತ್ತು ಕೀಬೋರ್ಡಿನ ಸುತ್ತ ಬೆಳೆದ ಸಂಗೀತಕ್ಕೆ ಚೆನ್ನಾಗಿ ಒಗ್ಗಿತು, ಅದರಿಂದ ಒಳ್ಳೆಯ ಸಂಗೀತವೂ ಹುಟ್ಟಿತು.

ನಮ್ಮಲ್ಲಿ ತೊಡಕು ಮೊದಲು ಕಾಣಿಸುವುದು ಗಾಂಧಾರದಲ್ಲಿ. ತಂಬೂರಿಯ ಮಂದ್ರ ಷಡ್ಜದ ತಂತಿ ಸೆಕೆಂಡಿಗೆ 120 ಸಲ ಕಂಪಿಸುತ್ತಿದೆ ಎಂದುಕೊಳ್ಳಿ. ಜೀವಾಳ ಸರಿಯಾಗಿ ಕೂತಿದ್ದರೆ ಆ ಒಂದೇ ತಂತಿಯಿಂದ, ಐದು ಪಟ್ಟು ಕಂಪನದ ಉಪಸ್ವರವಾಗಿ, ಅಂದರೆ 600ರಲ್ಲಿ, ಅಂತರ ಗಾಂಧಾರ ತಾನಾಗಿ ಹೊಮ್ಮುತ್ತದೆ. ಹಿರಿಯರು ಸ್ವಯಂಭು ಗಾಂಧಾರ ಎಂದದ್ದು ಇದನ್ನೇ. ಅದೇ ಷಡ್ಜಕ್ಕೆ ಹೊಂದಿಸಿದ ಕೀಬೋರ್ಡಿನಲ್ಲಿ ಆ ಸ್ಥಾಯಿಯ ಗಾಂಧಾರ ನುಡಿಯುವುದು ಸುಮಾರು 604.8ರಲ್ಲಿ. ಎರಡನ್ನೂ ಒಟ್ಟಿಗೆ ಕೇಳಿಸಿದರೆ ಸೆಕೆಂಡಿಗೆ ಐದರ ಹತ್ತಿರ ಅಲೆ ಎದ್ದು ನಾದ ಅದುರುತ್ತದೆ. ಸ್ವರಾಂತರ ಅಳೆಯುವ ಸೆಂಟ್ ಲೆಕ್ಕದಲ್ಲಿ ತಂಬೂರಿಯದು 386, ಕೀಬೋರ್ಡಿನದು 400. ಪಂಚಮದಲ್ಲಿ ಈ ವ್ಯತ್ಯಾಸ ಎರಡೇ ಸೆಂಟ್, ಕಿವಿಗೆ ಬೀಳುವುದಿಲ್ಲ. ಗಾಂಧಾರದ ಹದಿನಾಲ್ಕು ಸೆಂಟ್ ಬೀಳುತ್ತದೆ. ಕೀಬೋರ್ಡಿನ ಪ್ಯಾಡನ್ನು ಮೊದಲೇ ಹಾಸಿ ಹಾಡಿಸಿದರೆ, ಒಳ್ಳೆಯ ಕಿವಿಯ ಗಾಯಕಿ ಪ್ಯಾಡಿಗೆ ಹೊಂದಿಕೊಳ್ಳುತ್ತಾರೆ, ತಂಬೂರಿಯನ್ನು ಬಿಟ್ಟುಕೊಡುತ್ತಾರೆ. ಯಾರೂ ಅವರಿಗೆ ಹಾಗೆ ಮಾಡಿ ಎಂದಿರುವುದಿಲ್ಲ. ಹೆಡ್‌ಫೋನಿನಲ್ಲಿ ಯಾವುದು ಮೊದಲು ಕೇಳಿಸಿತೋ ಅದೇ ಶ್ರುತಿಯಾಗಿಬಿಡುತ್ತದೆ.

ಇದಾದ ಮೇಲೆ ತಿದ್ದುವಿಕೆ. ಆಟೋ-ಟ್ಯೂನ್ 1997ರಲ್ಲಿ ಬಂತು. ಅದನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ತೈಲ ನಿಕ್ಷೇಪ ಹುಡುಕಲು ನೆಲದೊಳಗಿನ ಪ್ರತಿಧ್ವನಿಗಳನ್ನು ವಿಶ್ಲೇಷಿಸುತ್ತಿದ್ದವರು. ಅದು ಕಂಠದ ಕಂಪನವನ್ನು ಅಳೆದು, ಹತ್ತಿರದ ಸ್ವರಸ್ಥಾನ ಯಾವುದೆಂದು ಗೊತ್ತುಮಾಡಿ, ಧ್ವನಿಯನ್ನು ಅಲ್ಲಿಗೆ ಒಯ್ಯುತ್ತದೆ. ಎಷ್ಟು ಬೇಗ ಒಯ್ಯಬೇಕು ಎಂಬುದಕ್ಕೆ ಮಿಲಿಸೆಕೆಂಡಿನ ಒಂದು ಗುಂಡಿ. ಕರ್ನಾಟಕ ಸಂಗೀತದ ತೋಡಿಯ ಗಾಂಧಾರವನ್ನು ಇದರ ಕೈಗೆ ಕೊಟ್ಟು ನೋಡಿ. ಆ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ. ಋಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗಿ ಮರಳುವ ಚಲನೆಗೇ ಅಲ್ಲಿ ಗಾಂಧಾರವೆಂದು ಹೆಸರು. ಪರದೆಯ ಮೇಲೆ ಅದು ನುಣುಪಾದ ಅಲೆಯಾಗಿ ಕಾಣುತ್ತದೆ. ಗುಂಡಿಯನ್ನು ಸೊನ್ನೆಗೆ ತಂದರೆ ಆ ಅಲೆ ಮೆಟ್ಟಿಲಾಗುತ್ತದೆ: ಋಷಭದಲ್ಲೊಂದು ಮೆಟ್ಟಿಲು, ಗಾಂಧಾರದಲ್ಲೊಂದು, ಮಧ್ಯಮದಲ್ಲೊಂದು. ಮೆಲೊಡೈನ್ ಎಂಬ ಇನ್ನೊಂದು ತಿದ್ದುವ ಸಾಫ್ಟ್‌ವೇರ್ ಇನ್ನೂ ಸೂಕ್ಷ್ಮ. ಅದು ಒಂದೊಂದು ಸ್ವರವನ್ನೂ ಒಂದು ಉಂಡೆಯಾಗಿ ತೋರಿಸಿ ಅದರ ನಡುಬಿಂದುವನ್ನು ಗುರುತಿಸುತ್ತದೆ, ತೂಗಾಟವನ್ನು ಪ್ರತ್ಯೇಕವಾಗಿ ಹೆಚ್ಚುಕಡಿಮೆ ಮಾಡಲು ಬಿಡುತ್ತದೆ. ಆದರೆ ಸ್ವರಕ್ಕೊಂದು ನಡುಬಿಂದುವಿದೆ, ತೂಗಾಟ ಅದರ ಮೇಲಿನ ಅಲಂಕಾರ ಎಂಬ ಎಣಿಕೆ ಅಲ್ಲೂ ಉಳಿದಿದೆ. ತೋಡಿಯ ಗಾಂಧಾರದಂಥ ಕಂಪಿತ ಗಮಕ ಆ ಎಣಿಕೆಗೆ ಒಗ್ಗುವುದಿಲ್ಲ. ಸ್ವರಸ್ಥಾನಗಳನ್ನು ಹನ್ನೆರಡರ ಬದಲು ಇಪ್ಪತ್ತೆರಡು ಮಾಡಿದರೂ ಪ್ರಯೋಜನವಿಲ್ಲ. ಮೆಟ್ಟಿಲು ಸಣ್ಣದಾಗುತ್ತದೆ ಅಷ್ಟೆ.

ಹಾಗಾದರೆ ಅದೇ ಹನ್ನೆರಡು ಮನೆಗಳ ಹಾರ್ಮೋನಿಯಂ ಏನು ಮಾಡಿತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು, ಸುಮಾರು ಮೂರು ದಶಕ ಆ ನಿಷೇಧ ಉಳಿಯಿತು. ಅಷ್ಟಾಗಿಯೂ ಧಾರವಾಡ ಸೀಮೆಯ ಹಿಂದೂಸ್ತಾನಿ ಕಛೇರಿಗಳಿಂದ ಹಿಡಿದು ಭಜನೆಯ ಮನೆಗಳವರೆಗೆ ಆ ಪೆಟ್ಟಿಗೆ ನಿಂತಿತು, ಸಂಗೀತ ಕೆಡಲಿಲ್ಲ. ಆದರೆ ಹಾರ್ಮೋನಿಯಂ ಕೂರುವುದು ಎಲ್ಲಿ? ಗಾಯಕರ ಪಕ್ಕದಲ್ಲಿ. ಒಳ್ಳೆಯ ಸಾಥಿದಾರ ಕೊರಳಿನ ಹಿಂದೆ ಒಂದು ಹೆಜ್ಜೆ ಇಟ್ಟು ಬರುತ್ತಾನೆ, ಮೀಂಡ್ ಬಂದಲ್ಲಿ ಕೈ ತಗ್ಗಿಸುತ್ತಾನೆ. ಅವನ ಗಾಂಧಾರ ಬಿರುಸಾಗಿದ್ದರೆ ಅದು ಅವನ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಗಾಯಕರ ಗಾಂಧಾರ ಗಾಯಕರದೇ. ತಿದ್ದುವ ಪ್ಲಗಿನ್ ಪಕ್ಕದಲ್ಲಿ ಕೂರುವುದಿಲ್ಲ, ಗಂಟಲೊಳಗೆ ಇಳಿಯುತ್ತದೆ. ಅದು ಮಾಡಿದ ಮೇಲೆ ಕೇಳುಗರ ಪಾಲಿಗೆ ಇನ್ನೊಂದು ಗಾಂಧಾರ ಉಳಿಯುವುದೇ ಇಲ್ಲ. ಹಾರ್ಮೋನಿಯಂ ವಾದವನ್ನು ಇಲ್ಲಿಗೆ ತಂದು ಅಂಟಿಸಲಾಗದು.

ಕಾಲದ ಮಾತಿಗೆ ಬರೋಣ. ಕುಮಾರವ್ಯಾಸನ ಭಾರತ ಇರುವುದು ಭಾಮಿನಿ ಷಟ್ಪದಿಯಲ್ಲಿ: ಮೂರು, ನಾಲ್ಕು, ಮೂರು, ನಾಲ್ಕು ಎಂದು ಮಾತ್ರೆಗಳ ಗಣ. ಮಾತ್ರೆಯ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿದ್ದರೂ ಗಮಕಿಗಳು ಅದನ್ನು ವಾಚಿಸುವಾಗ ರಾಗ ಇಟ್ಟುಕೊಳ್ಳುತ್ತಾರೆ, ತಾಳ ಇಟ್ಟುಕೊಳ್ಳುವುದಿಲ್ಲ. ಅರ್ಥ ಕೇಳಿದಲ್ಲಿ ನಿಲ್ಲುತ್ತಾರೆ, ಸನ್ನಿವೇಶ ಓಡಿದಲ್ಲಿ ಓಡುತ್ತಾರೆ. ಭಾವಗೀತೆ ತಾಳದಲ್ಲೇ ಇದ್ದರೂ ಈ ಮನೆಯ ಮಗಳೇ. ಮಾತಿನ ತೂಕ ಅಲ್ಲಿಯೂ ಸ್ವರವನ್ನು ತುಸು ಹಿಂದಕ್ಕೋ ಮುಂದಕ್ಕೋ ಜಗ್ಗುತ್ತದೆ. ನಿಮಿಷಕ್ಕೆ 60 ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟಿನ ಕಾಲುಭಾಗ 250 ಮಿಲಿಸೆಕೆಂಡ್. ಆ ಅಳತೆಯ ಗೆರೆಗೆ ಕ್ವಾಂಟೈಸ್ ಮಾಡಿದರೆ ಒಂದು ಅಕ್ಷರ 125 ಮಿಲಿಸೆಕೆಂಡಿನವರೆಗೂ ಸರಿಯಬಹುದು, ಅಂದರೆ ಸೆಕೆಂಡಿನ ಎಂಟನೇ ಒಂದು ಪಾಲು. ಇದರಲ್ಲಿ ಇನ್ನೊಂದು ಸಂಕಟವಿದೆ. ‘ಸ್ವಾಮಿ’ ಎಂದು ಹಾಡುವಾಗ ನುರಿತವರು ‘ಸ್ವ’ವನ್ನು ಪೆಟ್ಟಿಗಿಂತ ಮೊದಲೇ ಎತ್ತಿಕೊಂಡು ‘ಆ’ಕಾರವನ್ನು ಪೆಟ್ಟಿನ ಮೇಲೆ ಇಳಿಸುತ್ತಾರೆ. ಸಾಫ್ಟ್‌ವೇರ್ ಅನೇಕ ಸಲ ಅಕ್ಷರದ ಆರಂಭವೆಂದು ಹಿಡಿಯುವುದು ಆ ‘ಸ್’ ಎಂಬ ಸೀತ್ಕಾರವನ್ನು. ಅದನ್ನು ಒಯ್ದು ಗೆರೆಯ ಮೇಲೆ ಕೂರಿಸಿದರೆ ಆಕಾರ ತಡವಾಗುತ್ತದೆ. ಪರದೆಯ ಮೇಲೆ ಎಲ್ಲ ನೇರವಾಗಿ ಕಾಣುತ್ತದೆ, ಕಿವಿಗೆ ಹಾಡು ಕಾಲೆಳೆಯುತ್ತದೆ.

ತಾಳವೂ ಒಂದು ಗ್ರಿಡ್ ಅಲ್ಲವೇ, ಲಯಶುದ್ಧಿಯನ್ನು ನಮ್ಮ ಗುರುಗಳೇ ದಂಡಿಸಿ ಕಲಿಸಲಿಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ತಾಳ ಲೆಕ್ಕವೇ ಸರಿ. ಆದರೆ ಅದನ್ನು ಹಾಕುವ ಕೈ ಹಾಡುವವರದು, ಇಲ್ಲವೇ ಅವರ ಮುಖ ನೋಡುತ್ತ ಕೂತ ಮೃದಂಗದವರದು. ಮಿಶ್ರಛಾಪಿನ ಮೂರು ಮತ್ತು ನಾಲ್ಕು ಒಂದನ್ನೊಂದು ಒರಗಿ ನಡೆಯುತ್ತವೆ. ಅನುಪಲ್ಲವಿಯಿಂದ ಪಲ್ಲವಿಗೆ ಮರಳುವಾಗ ನಡೆ ಕೂದಲೆಳೆಯಷ್ಟು ಬಿಗಿಯಾಗುತ್ತದೆ, ಆ ಬಿಗಿ ಇಬ್ಬರಿಗೂ ಒಟ್ಟಿಗೆ ಗೊತ್ತಾಗುತ್ತದೆ. ಕ್ಲಿಕ್ಕಿಗೆ ಮುಖ ನೋಡುವುದು ತಿಳಿಯದು. ಕಲಿಕೆಗೆ ಕ್ಲಿಕ್ ಒಳ್ಳೆಯದು, ದಿನಾ ಅದರ ಜೊತೆ ಸಾಧನೆ ಮಾಡಲಿ. ಮುದ್ರಣದ ಹೊತ್ತಿನಲ್ಲಿ ಯಜಮಾನಿಕೆ ಅದಕ್ಕೆ ಬೇಡ. ಕೇಳುಗರಿಗೆ ಇದೆಲ್ಲ ತಿಳಿಯುವುದಿಲ್ಲ ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. 1992ರ ‘ಜೀವನ ಚೈತ್ರ’ದಲ್ಲಿ ತೋಡಿಯನ್ನು ಆಧರಿಸಿ ಉಪೇಂದ್ರ ಕುಮಾರ್ ಮಾಡಿದ ‘ನಾದಮಯ’ವನ್ನು ರಾಜ್‌ಕುಮಾರ್ ಹಾಡಿದರು, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಹಿಂದೂಸ್ತಾನಿ ತೋಡಿಯ ಆ ತಗ್ಗಿದ ಕೋಮಲ ಗಾಂಧಾರವನ್ನು ಶಾಸ್ತ್ರ ಓದದ ಲಕ್ಷಾಂತರ ಕನ್ನಡಿಗರು ಕಿವಿಯಲ್ಲೇ ಹಿಡಿದಿಟ್ಟುಕೊಂಡಿದ್ದಾರೆ. ಹೆಸರು ಹೇಳಲು ಬಾರದಿದ್ದ ಮಾತ್ರಕ್ಕೆ ಕೇಳಿಸಲಿಲ್ಲವೆಂದಲ್ಲ. ನನ್ನ ನಿಜವಾದ ಭಯ ಮಕ್ಕಳದ್ದು. ಅವರು ಈಗ ದೇವರನಾಮ ಕಲಿಯುವುದು ಫೋನಿನಲ್ಲಿ ಕೇಳಿ. ಮೆಟ್ಟಿಲಾದ ಗಾಂಧಾರವನ್ನೇ ಕೇಳಿ ಬೆಳೆದ ಮಗು ಅದನ್ನೇ ಹಾಡುತ್ತದೆ.

ಉಳಿದದ್ದು ದುಡ್ಡಿನ ಮಾತು. ತಬಲಾ, ಕೊಳಲು, ಪಿಟೀಲಿನವರನ್ನೆಲ್ಲ ಕರೆಸಿ ಒಟ್ಟಿಗೆ ಕೂರಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ನಿಜ. ಆದರೆ ಕ್ರಮ ತಿರುಗಿಸಲು ಒಂದು ಪೈಸೆಯೂ ಖರ್ಚಿಲ್ಲ. ಒಂದು ಟ್ರ್ಯಾಕಿನಲ್ಲಿ ತಂಬೂರಿ ಹಾಕಿ, ಕ್ಲಿಕ್ ಆರಿಸಿ, ಹಾಡುವವರೇ ತೊಡೆಯ ಮೇಲೆ ತಾಳ ಹಾಕಿಕೊಂಡು ಹಾಡಲಿ. ಆಮೇಲೆ ಗೆರೆಗಳನ್ನು ಎಳೆದು ಅವರ ತಾಳದ ಪೆಟ್ಟುಗಳ ಮೇಲೆ ಕೂರಿಸಿ. ರೀಪರಿನಲ್ಲಿ ಟೆಂಪೊ ಗುರುತುಗಳನ್ನು ಕೈಯಿಂದಲೇ ಇಡಬಹುದು. ಲಾಜಿಕ್‌ನಲ್ಲಿ 2018ರಿಂದ ಇರುವ ಸ್ಮಾರ್ಟ್ ಟೆಂಪೊ ಹಾಡಿದ್ದನ್ನು ಕೇಳಿ ತಾನೇ ಟೆಂಪೊ ಗೊತ್ತುಮಾಡುತ್ತದೆ. ಲೈವ್‌ನಲ್ಲಿ ಲೂಪುಗಳನ್ನು ಹಿಗ್ಗಿಸಿ ಕುಗ್ಗಿಸಿ ಆ ನಡೆಗೆ ಹೊಂದಿಸಬಹುದು. 2024ರಲ್ಲಿ ಬಂದ ಲೈವ್ 12ರಲ್ಲಿ ಕೀಬೋರ್ಡಿನ ಸ್ವರಸ್ಥಾನಗಳನ್ನೇ ಬದಲಿಸುವ ವ್ಯವಸ್ಥೆಯಿದೆ, ಗಾಂಧಾರವನ್ನು 386ಕ್ಕೆ ಇಳಿಸಿ ಪ್ಯಾಡನ್ನು ತಂಬೂರಿಗೆ ಒಪ್ಪಿಸಬಹುದು. ಯಂತ್ರ ನಮ್ಮ ಸಂಗೀತಕ್ಕೆ ಬಗ್ಗದು ಎನ್ನುವವರು ನಮ್ಮ ಬೆಂಗಳೂರಿನಲ್ಲೇ 1979ರಲ್ಲಿ ಜಿ. ರಾಜ್‌ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ದನ್ನು ನೆನೆಯಬೇಕು. ಹಾಡುವವರ ಶ್ರುತಿ ಎರಡು ಮನೆಗಳ ನಡುವೆ ಇದ್ದರೆ ಅದರ ಗುಂಡಿಯೂ ಅಲ್ಲಿಯೇ ನಿಲ್ಲುತ್ತದೆ.

ಇದಕ್ಕೆಲ್ಲ ಹೆಚ್ಚು ಹೊತ್ತು ಹಿಡಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಐದು ನಿಮಿಷದ ಹಾಡಿನ ಗೆರೆಗಳನ್ನು ಕೈಯಿಂದ ಕೂರಿಸುವುದು ತಾಳ್ಮೆಯ ಕೆಲಸ. ತಿದ್ದಲೇಬೇಕಾದ ಸ್ವರವೂ ಕೆಲವೊಮ್ಮೆ ಇರುತ್ತದೆ: ದಣಿದ ಹೊತ್ತಿನಲ್ಲಿ ತಗ್ಗಿದ ತಾರ ಷಡ್ಜವನ್ನು, ಅದು ನಿಂತ ಸ್ವರವಾದ್ದರಿಂದ, ಅದೊಂದನ್ನೇ ಎತ್ತಿ ಸರಿಪಡಿಸಿದರೆ ತಪ್ಪೇನಿಲ್ಲ. ಇಡೀ ಟ್ರ್ಯಾಕಿನ ಮೇಲೆ ಪ್ಲಗಿನ್ ಹಾಕಿ ಬಿಡುವುದು ಬೇಡ. ಏನೇ ಮಾಡಿದರೂ ಕೈ ಮುಟ್ಟದ ಮೂಲ ಟೇಕನ್ನು, ಪ್ಲಗಿನ್ ಇಲ್ಲದೆ, ಬೇರೆ ಫೋಲ್ಡರಿನಲ್ಲಿ ರಾಗ, ಶ್ರುತಿ, ದಿನಾಂಕ ಬರೆದು ತೆಗೆದಿಡಿ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದೇ ಮೈಕಿನ ಐದು ನಿಮಿಷದ ಧ್ವನಿ ತಿನ್ನುವುದು ಸುಮಾರು 43 ಎಂಬಿ.