ಪಾಠದಲ್ಲಿ ಕಾಣದ ಕವಾಟ

ಎನ್‌ಸಿಇಆರ್‌ಟಿ 2008ರಲ್ಲಿ ಪ್ರಕಟಿಸಿದ 8ನೆಯ ತರಗತಿಯ ವಿಜ್ಞಾನ ಪುಸ್ತಕದ ಸೂಕ್ಷ್ಮಜೀವಿಗಳ ಅಧ್ಯಾಯದಲ್ಲಿ ಹಾಲಿನ ಪಾಶ್ಚರೀಕರಣದ ಬಗ್ಗೆ ಪುಟ್ಟ ವಿವರಣೆಯಿದೆ. ಹಾಲನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 30 ಸೆಕೆಂಡು ಕಾಯಿಸಿ, ತಟ್ಟನೆ ತಂಪು ಮಾಡುತ್ತಾರೆ ಎಂಬುದು ಅದರ ಸಾರ. ಉಷ್ಣತೆ, ಕಾಲ ಎರಡನ್ನೂ ಹೇಳಿರುವುದು ಮೆಚ್ಚತಕ್ಕದ್ದು. ಆದರೆ ಹಾಲು ಅಷ್ಟು ಕಾದಿದೆಯೆಂದು ತಿಳಿಯುವುದು ಹೇಗೆ? ಕಾಯದಿದ್ದರೆ ಅದು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗಳಿಗೆ ಅಲ್ಲಿ ಜಾಗವಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಿಕ್ಷಕರೇ, ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಶಾಲೆಗೆ ಬರುವ ಮಕ್ಕಳು ನಿಮ್ಮ ತರಗತಿಯಲ್ಲಿದ್ದಾರೆ. ಅವರಿಗಾದರೂ ಈ ಪಾಠ ಪೂರ್ತಿ ಸಿಗಬೇಕು.

ಡೈರಿಯಲ್ಲಿ ಹಾಲು ಹರಿಯುತ್ತಲೇ ಕಾಯುತ್ತದೆ. ತೆಳು ತಟ್ಟೆಯ ಒಂದು ಬದಿಯಲ್ಲಿ ಉಗಿಯಿಂದ ಕಾದ ನೀರು, ಇನ್ನೊಂದು ಬದಿಯಲ್ಲಿ ಹಾಲು. 72 ಡಿಗ್ರಿ ಮುಟ್ಟಿದ ಹಾಲು ಮುಂದಿನ ಕೊಳವೆಯನ್ನು ದಾಟಲು 15 ಸೆಕೆಂಡು ಬೇಕು. ಕೊಳವೆಯ ತುದಿಯಲ್ಲಿ ಸಂವೇದಕ, ಅದರಾಚೆ ದಿಕ್ಕು ಬದಲಿಸುವ ಕವಾಟ. ಉಷ್ಣತೆ ಸಾಲದಿದ್ದರೆ ಕವಾಟವು ಹಾಲನ್ನು ಮೊದಲ ತೊಟ್ಟಿಗೇ ಹಿಂದಿರುಗಿಸುತ್ತದೆ. ಕರೆಂಟು ಹೋದರೂ, ಗಾಳಿಯ ಒತ್ತಡ ಇಳಿದರೂ ಸ್ಪ್ರಿಂಗ್ ಅದನ್ನು ಹಿಂದಿರುಗಿಸುವ ಸ್ಥಾನಕ್ಕೇ ತಳ್ಳುತ್ತದೆ.

ಹಾಲು ಹಿಂದಿರುಗುತ್ತಲೇ ಇದೆ ಎಂದಿಟ್ಟುಕೊಳ್ಳಿ. ಅನುಮಾನ ಮೊದಲು ಬೀಳುವುದು ಕವಾಟದ ಮೇಲೆ. ಆದರೆ ಅದು ತನ್ನ ಕೆಲಸವನ್ನೇ ಮಾಡುತ್ತಿರಬಹುದು. ಮೊದಲು ಬೇರೊಂದು ನಂಬಿಕಸ್ತ ತಾಪಮಾಪಕದಿಂದ ಹಾಲಿನ ಉಷ್ಣತೆ ಅಳೆಯಬೇಕು. ಹಾಲು ನಿಜವಾಗಿಯೂ ತಣ್ಣಗಿದ್ದರೆ ಉಗಿಯ ಕವಾಟವನ್ನು ನೋಡಬೇಕು. ನಿಯಂತ್ರಕ 'ತೆರೆ' ಎಂದರೂ ಅದರ ದಂಡ ಕದಲದಿದ್ದರೆ ದೋಷ ಗಾಳಿಯಲ್ಲೋ ಕವಾಟದಲ್ಲೋ ಇದೆ. ದಂಡ ಪೂರ್ತಿ ತೆರೆದಿದ್ದರೆ ಉಗಿಯ ಒತ್ತಡ ಕಡಿಮೆಯಿರಬಹುದು, ಇಲ್ಲವೇ ತಟ್ಟೆಗಳ ಮೇಲೆ ಹಾಲಿನ ಗಸಿ ಕಟ್ಟಿರಬಹುದು.

ಇದಕ್ಕಿಂತ ಅಪಾಯದ್ದು ಸದ್ದಿಲ್ಲದ ದೋಷ. ಸಾಮಾನ್ಯವಾಗಿ ಬಳಸುವ ಪ್ಲಾಟಿನಂ ಸಂವೇದಕದ ರೋಧ 0 ಡಿಗ್ರಿಯಲ್ಲಿ 100 ಓಮ್, 72 ಡಿಗ್ರಿಯಲ್ಲಿ ಸುಮಾರು 127.8 ಓಮ್. ಎರಡೇ ತಂತಿಯ ಜೋಡಣೆಯಲ್ಲಿ ಸ್ಕ್ರೂ ಸಡಿಲವಾಗಿ 1 ಓಮ್ ಹೆಚ್ಚಾದರೆ, ಉಪಕರಣ ಸುಮಾರು 2.6 ಡಿಗ್ರಿ ಹೆಚ್ಚು ತೋರಿಸುತ್ತದೆ. ಹಾಲು 69.4 ಡಿಗ್ರಿಯಲ್ಲಿದ್ದರೂ ಕವಾಟ ಅದನ್ನು ಮುಂದಕ್ಕೆ ಬಿಟ್ಟುಬಿಡುತ್ತದೆ! ತಂತಿಗಳ ರೋಧವನ್ನು ಕಳೆಯಲೆಂದೇ ಮೂರು ತಂತಿಯ ಜೋಡಣೆ ಬಳಸುತ್ತಾರೆ. ಹಾಲು ಸಾಕಷ್ಟು ಕಾದರೆ ಅದರಲ್ಲಿನ ಫಾಸ್ಫಟೇಸ್ ಕಿಣ್ವ ನಾಶವಾಗುತ್ತದೆ. ಆ ಕಿಣ್ವದ ಪರೀಕ್ಷೆಯೇ ಕೊನೆಯ ಸಾಕ್ಷಿ.

2.6 ಡಿಗ್ರಿ ಅಲ್ಪವೆನಿಸಬಹುದು. ಕ್ಯೂ ಜ್ವರದ ಸೂಕ್ಷ್ಮಜೀವಿಯನ್ನು ಕೊಲ್ಲಲು ಅಮೆರಿಕದಲ್ಲಿ 1956ರಲ್ಲಿ 30 ನಿಮಿಷದ ಪಾಶ್ಚರೀಕರಣದ ಉಷ್ಣತೆಯನ್ನು 61.7ರಿಂದ 62.8 ಡಿಗ್ರಿಗೆ ಏರಿಸಿದರು. ಅಂತರ 1.1 ಡಿಗ್ರಿ ಮಾತ್ರ.

ಹಾಗಾಗಿ ಪಠ್ಯದಲ್ಲಿ ಜೀವಶಾಸ್ತ್ರವಿದೆ, ಆದರೆ ಅದನ್ನು ಕಾಯುವ ಭೌತಶಾಸ್ತ್ರವಿಲ್ಲ. ಆ ಕೊರತೆಯನ್ನು ನೀವೇ ತುಂಬಬಹುದು. 100 ಓಮ್ ರೋಧಕಕ್ಕೆ ಸರಣಿಯಲ್ಲಿ 1 ಓಮ್ ಜೋಡಿಸಿ, ಮಲ್ಟಿಮೀಟರಿನಲ್ಲಿ ಅಳೆಸಿ, ಎಷ್ಟು ಡಿಗ್ರಿ ತಪ್ಪಾಯಿತೆಂದು ಮಕ್ಕಳಿಂದಲೇ ಲೆಕ್ಕ ಹಾಕಿಸಿ. ಪಾಶ್ಚರೀಕರಣವೆಂದರೆ ಕಾಯಿಸುವುದಷ್ಟೇ ಅಲ್ಲ, ಕಾದಿದೆಯೆಂದು ಖಾತ್ರಿಪಡಿಸಿಕೊಳ್ಳುವುದೂ ಹೌದೆಂದು ಅವರಿಗೆ ಮನವರಿಕೆಯಾಗುತ್ತದೆ.